ಕಿಟಕಿಯಲ್ಲಿ ಕಂಡಷ್ಟು

ಐರಿಶ್ ಡ್ಯಾನ್ಸ್ ಕ್ಲಾಸಿನೊಳಗೆ ಹೆತ್ತವರಿಗೆ ಪ್ರವೇಶವಿರಲಿಲ್ಲ. ಅಪ್ಪ ಎತ್ತರದ ಕಿಟಕಿಗೆ ಮೂಗು ಒತ್ತಿ ಇಣುಕಿದ. ಮಕ್ಕಳ ಸೊಂಟದಿಂದ ಮೇಲಷ್ಟೇ ಕಾಣುತ್ತಿತ್ತು. ಮುಂದಿನ ಸಾಲಿನ ಮಕ್ಕಳೆಲ್ಲ ಕೋಳಿ ರೆಕ್ಕೆ ಬಡಿಯುವಂತೆ ಕೈ ಬೀಸಿ ಕುಣಿಯುತ್ತಿದ್ದರು. ತನ್ನ ಮಗಳು ಮಾತ್ರ ಹಿಂದಿನ ಮೂಲೆಯಲ್ಲಿ, ಎರಡೂ ಕೈ ಮೈಗೆ ಅಂಟಿಸಿಕೊಂಡು ಕಂಬದಂತೆ ನಿಂತಿದ್ದಳು. ಬಿಕ್ಕುವವಳ ಹಾಗೆ ಅವಳ ತಲೆ ಸಣ್ಣಗೆ ಕುಲುಕುತ್ತಿತ್ತು.

ಅಪ್ಪನ ಪಿತ್ತ ನೆತ್ತಿಗೇರಿತು. ಬಾಗಿಲು ದೂಡಿಕೊಂಡು ನುಗ್ಗಿದ.

"ಏನ್ ಮೇಡಂ, ಕುಣಿಯೋಕೆ ಕಳಿಸಿದ್ರೆ ಮೂಲೇಲಿ ನಿಲ್ಸಿ ಅಳಿಸ್ತಿದ್ದೀರಾ? ಗ್ಯಾರೇಜಿನವನ ಮಗಳು ಅಂತ ಸಸಾರಾನಾ?"

"ಸ್ವಲ್ಪ ಕೆಳಗೆ ನೋಡಿ ಸಾರ್," ಎಂದರು ಟೀಚರ್.

ನೋಡಿದ. ಮಗಳ ಕಾಲುಗಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದವು.

"ಈ ಕುಣಿತದಲ್ಲಿ ಕೈ ಅಲ್ಲಾಡಬಾರದು ಸಾರ್. ಅದು ಬರೋವರೆಗೂ ಮುಂದಿನ ಸಾಲು, ಬಂದ್ಮೇಲೆ ಹಿಂದಿನ ಸಾಲು."

"ಅದನ್ನ ಮೊದ್ಲೇ ಬೊಗಳೋಕೆ ಏನ್ರೀ ಆಗಿತ್ತು?" ಅಪ್ಪ ಎರಡೂ ಕೈ ಎತ್ತಿ ಬೀಸಾಡಿದ.

ಮಗಳು ಕುಣಿಯುತ್ತಲೇ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಕೈ ಇಳಿಸಪ್ಪಾ, ನಿನ್ನೂ ಮುಂದಿನ ಸಾಲಿಗೆ ಹಾಕ್ಬಿಡ್ತಾರೆ!"