ದೊರೆಯ ಕಾರಿನಲ್ಲಿ ಬೇರಿಕೆಗೆ

ಹಳೇ ಚರ್ಮಕ್ಕೆ ಪೆಟ್ರೋಲು ಬೆರೆತ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕಿವಿ ಇಂಜಿನ್ನಿನ ಸದ್ದು ಹುಡುಕುತ್ತದೆ.

ಯುದ್ಧ ಮುಗಿದ ಮೇಲೆ ಊರು ಬಿಟ್ಟು ಹೊರಟ ಬಿಳಿ ದೊರೆಯೊಬ್ಬನಿಂದ ಅಪ್ಪ ಆ ದೊಡ್ಡ ಕಾರನ್ನು ಕೊಂಡಿದ್ದ. ಅಗ್ಗವಂತೆ! ಟೈರು ಸಿಡಿದಾಗ ಅಮ್ಮನ ಒಂದು ಜೊತೆ ಚಿನ್ನದ ಬಳೆ ಹೋಯಿತು. ರೇಡಿಯೇಟರ್ ಸೋರಿದಾಗ ಇನ್ನೊಂದು ಜೊತೆ. ಅಷ್ಟಾದರೂ, ಕಾದ ಇಂಜಿನ್ ಒಮ್ಮೆ ಆರಿತೆಂದರೆ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ.

ಅದಕ್ಕೇ ಅಕ್ಕನ ಸಂಬಂಧ ಮಾತಾಡಲು ಬೇರಿಕೆಗೆ ಹೋದ ಮಧ್ಯಾಹ್ನ ಅಪ್ಪ ಅದನ್ನು ಆರಿಸಲೇ ಇಲ್ಲ. ಗಂಡಿನ ಮನೆ ಬಾಗಿಲಲ್ಲಿ ಅದು ಗುಡುಗುಡು ಅನ್ನುತ್ತಲೇ ಇತ್ತು. ನಾವು ಒಳಗೆ ಚಾಪೆಯ ಮೇಲೆ ಕೂತೆವು.

"ಅದ್ಯಾಕೆ ಹಂಗೇ ಬಿಟ್ಟಿದ್ದೀರಾ?" ಗಂಡಿನ ತಂದೆ ಕೇಳಿದರು.

"ದೊಡ್ಡ ಗಾಡಿಗೋಳು ಹಂಗೇ ಸ್ವಾಮಿ," ಅಂದ ಅಪ್ಪ.

ಅಮ್ಮನ ಕೈಯ ಮಜ್ಜಿಗೆ ಲೋಟ ಬಾಯಿಗೆ ಹೋಗಲಿಲ್ಲ. ಹೊರಗೆ ಇಂಜಿನ್ ಒಮ್ಮೆ ಕೆಮ್ಮಿತು. ಅಮ್ಮ ನನ್ನ ಮೊಣಕಾಲು ಒತ್ತಿ ಹಿಡಿದಳು. ಇನ್ನೊಮ್ಮೆ ಕೆಮ್ಮಿ ನಿಂತೇ ಹೋಯಿತು. ಅಪ್ಪ ಮಾತು ಮಾತ್ರ ಜೋರು ಮಾಡಿದ.

ಗಂಡಿನ ತಂದೆ ಹೊರಗೆ ಇಣುಕಿ, "ಎತ್ತು ಹಿಡ್ಕೊಂಡ್ ಬಾರ್ಲಾ, ಕಾರು ಎಳೀಬೇಕು," ಅಂತ ಆಳಿಗೆ ಕೂಗಿದರು.

ಅಮ್ಮ ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡಳು. ಗಂಡಿನ ಅಜ್ಜಿ ಪಕ್ಕಕ್ಕೆ ಬಂದು ಕೂತು, ಆ ಕೈಯನ್ನೇ ಸೆರಗಿನಿಂದ ಈಚೆಗೆ ತೆಗೆದು, ಬರೀ ಗಾಜಿನ ಬಳೆಗಳ ಮೇಲೆ ಬೆರಳಾಡಿಸಿತು.

"ನಮ್ಮನೇಲಿ ಕಾರಿಲ್ಲ ಕಣವ್ವ," ಅಂದಿತು ಅಜ್ಜಿ. "ನಿನ್ ಮಗಳ ಬಳೆ ಅವಳ ಕೈಲೇ ಇರ್ತವೆ."