ಮಾಸದ ಟೋಪಿ

ಬಾತುಗೂಡಿನ ಹಳೆಯ ಹುಲ್ಲನ್ನು ಸಲಿಕೆಯಿಂದ ಎತ್ತಿ ಕೈಗಾಡಿಗೆ ತುಂಬುತ್ತಿದ್ದ ಲೆಸ್ ಟ್ರೆಂಬತ್ ತಟ್ಟನೆ ನಿಂತು ಗೋಡೆ ನೋಡಿದ. ಮೊಳೆ ಇತ್ತು. ಮೊಳೆಗೆ ನೇತುಹಾಕಿದ್ದ ಟೋಪಿ ಇರಲಿಲ್ಲ.

"ಡೋರೀನ್! ನನ್ ಟೋಪಿ ತೆಗೆದ್ಯಾ?"

ಆಚೆ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ನಾನ್ಯಾಕಪ್ಪಾ ತೆಗೀಲಿ? ದೇಶದ ಟೋಪಿನ ತಗೊಂಡ್ಹೋಗಿ ಬಾತುಗಳ ಮಧ್ಯ ನೇತುಹಾಕಿದ ಪುಣ್ಯಾತ್ಮ ನೀನು."

ದೇಶದ್ದೇ ಟೋಪಿ, ಆಸ್ಟ್ರೇಲಿಯಾ ತಂಡದ ಹಸಿರು ಟೋಪಿ. ನಲವತ್ತು ವರ್ಷದ ಹಿಂದೆ, ಒಂದೇ ಒಂದು ಟೆಸ್ಟಿಗೆಂದು ಅದು ಲೆಸ್‌ನ ತಲೆಗೆ ಬಂದಿತ್ತು. ಟಾಸ್ ಆಯಿತು, ಹನ್ನೊಂದು ಜನರ ಹೆಸರು ದಾಖಲಾಯಿತು, ಮಳೆ ಹಿಡಿಯಿತು. ಐದು ದಿನವೂ ಬಿಡಲಿಲ್ಲ. ಅಷ್ಟರಲ್ಲಿ, ಕಾಲುನೋವೆಂದು ಲೆಸ್‌ಗೆ ಜಾಗ ಬಿಟ್ಟು ಕೂತಿದ್ದ ವೇಗದ ಬೌಲರ್‌ನ ಕಾಲು ಸರಿಹೋಯಿತು. ಲೆಸ್ ತನ್ನ ಗೋಧಿ ಹೊಲಕ್ಕೆ ವಾಪಸು ಬಂದ. ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಪಂದ್ಯ ಒಂದು ಎಂದಿದೆ. ಆಮೇಲೆ ರನ್ನಿಗೂ ಗೀಟು, ವಿಕೆಟ್ಟಿಗೂ ಗೀಟು. "ಸೊನ್ನೆ ಆದ್ರೂ ನೋಡೋಕೆ ದುಂಡಗಿರತ್ತೆ, ನಂದು ಬರೀ ಗೀಟು," ಎಂದು ಊರವರ ಮುಂದೆ ಹೇಳಿ, ಅವರು ನಗುವ ಮೊದಲೇ ತಾನು ನಗುತ್ತಿದ್ದ. "ಸೊನ್ನೆ ಹೊಡೆದು ಡಕ್ ಔಟ್ ಆಗೋ ಯೋಗಾನೂ ಇರ್ಲಿಲ್ಲ. ಅದಕ್ಕೇ ಮನೇಲಿ ಡಕ್ ಸಾಕ್ಕೊಂಡಿದೀನಿ. ದೇಶ ನನಗೆ ಟೋಪಿ ಹಾಕ್ತು, ನಾನೂ ದೇಶಕ್ಕೆ ಟೋಪಿ ಹಾಕ್ದೆ, ಅಲ್ಲಿಗಲ್ಲಿಗೆ ಸರಿಹೋಯ್ತು."

ನಗು ನಿಂತದ್ದು ಕ್ರಿಕೆಟ್ ಮಂಡಳಿಯಿಂದ ಪತ್ರ ಬಂದ ಮೇಲೆ. ಹಸಿರು ಟೋಪಿ ಪಡೆದವರಿಗೆಲ್ಲ ಅಡಿಲೇಡ್‌ನಲ್ಲಿ ಔತಣ. ಎಲ್ಲರೂ ಅವರವರ ಟೋಪಿ ತೊಟ್ಟು ಬರಬೇಕು. ಉಳಿದವರ ಟೋಪಿ ಹೇಗಿರುತ್ತದೆಂದು ಲೆಸ್‌ಗೆ ಗೊತ್ತು: ಬೆವರು ಕುಡಿದು, ಬಿಸಿಲಿಗೆ ಬೆಳ್ಳಗಾಗಿ, ಅಂಚು ಪಿಸಿದಿರುತ್ತದೆ. ಹರಿದಷ್ಟೂ ಮರ್ಯಾದೆ. ಅವನದೋ, ಕೊಟ್ಟ ದಿನ ಎಷ್ಟು ಹಸಿರೋ ಇವತ್ತಿಗೂ ಅಷ್ಟೇ ಹಸಿರು. ಯಾವ ಅಂಗಡಿಯಲ್ಲಿ ಕೊಂಡೆ ಎಂದು ಯಾರಾದರೂ ಕೇಳಿಬಿಟ್ಟರೆ? ಹೇಗಾದರೂ ಹಳೆಯದಾಗಲೆಂದು ಗೇಟಿಗೆ ಬಣ್ಣ ಬಳಿಯುವಾಗ ಹಾಕಿಕೊಂಡ, ಅಂಚೆ ತರಲು ಹೋಗುವಾಗ ಹಾಕಿಕೊಂಡ, ಮೇಲೆ ಒಂದು ಲೋಟ ಚಹಾ ಚಿಮುಕಿಸಿದ. ಹೊಸ ಟೋಪಿಗೆ ಚಹಾ ಚೆಲ್ಲಿದ ಹಾಗೆ ಕಂಡಿತೇ ಹೊರತು ಹಳೆಯದಾಗಲಿಲ್ಲ. ಧೂಳಾದರೂ ಕೂರಲಿ ಎಂದು ಬಾತುಗೂಡಿನಲ್ಲಿ ನೇತುಹಾಕಿದವನು, ಮಾರನೆಯ ದಿನವೇ ಸೊಂಟ ಹಿಡಿದುಕೊಂಡು ಮಲಗಿದ. ಎರಡು ವಾರದ ಮೇಲೆ ಎದ್ದು ಬಂದದ್ದು ಇವತ್ತೇ. ಔತಣಕ್ಕೆ ಬರುತ್ತೀರೋ ಇಲ್ಲವೋ ಎಂದು ಮಂಡಳಿ ಎರಡು ಸಲ ನೆನಪಿಸಿಯಾಗಿತ್ತು. ಉತ್ತರ ಹಾಕಲು ಇದೇ ಕಡೆಯ ದಿನ.

"ಇಲ್ಬಾ ಲೆಸ್," ಬಟ್ಟೆ ಬಿಟ್ಟು ಹುಡುಕಲು ಬಂದು ಗೂಡಿನೊಳಗೆ ಬಗ್ಗಿದ ಡೋರೀನ್ ಪಿಸುಗುಟ್ಟಿದಳು. "ಮೆಲ್ಲಗೆ ಬಾ."

ಕತ್ತಲ ಮೂಲೆಯಲ್ಲಿ ಗ್ಲೆನಿಸ್ ಕೂತಿತ್ತು. ಆ ಬಾತಿಗೆ ಡೋರೀನಳ ಅಕ್ಕನ ಹೆಸರನ್ನು ಇಟ್ಟವನು ಲೆಸ್ಸೇ, ಇಬ್ಬರ ನಡಿಗೆಯೂ ಒಂದೇ ಎಂದು. ಅದರ ಹೊಟ್ಟೆಯ ಕೆಳಗಿನಿಂದ ಹಸಿರು ಅಂಚೊಂದು ಇಣುಕುತ್ತಿತ್ತು. ಲೆಸ್ ಕೈ ಚಾಚಿದ. ಗ್ಲೆನಿಸ್ ಕತ್ತು ಉದ್ದ ಮಾಡಿ ಬುಸ್ಸೆಂದು, ಕೋಪಕ್ಕೆ ಅರ್ಧ ಎದ್ದಿತು. ಮೊಳೆಯಿಂದ ಬಿದ್ದ ಟೋಪಿಯ ತುಂಬ ಪುಕ್ಕ, ಹುಲ್ಲು, ಹಿಕ್ಕೆ. ನಡುವೆ ತಿಳಿ ಹಸಿರಿನ ಮೊಟ್ಟೆಗಳು.

"ಕಾವಿಗೆ ಕೂತ್ಬಿಟ್ಟಿದಾಳೆ," ಎಂದಳು ಡೋರೀನ್. "ಮರಿ ಆಗೋಕೆ ಇನ್ನೂ ತಿಂಗಳು ಬೇಕು. ಈಗ ಎಬ್ಬಿಸಿದ್ರೆ ಮತ್ತೆ ಕೂರಲ್ಲ, ಮೊಟ್ಟೆ ಎಲ್ಲ ಹಾಳು."

"ಔತಣ ಮುಂದಿನ ವಾರ."

"ಹಾಗಾದ್ರೆ ಎಬ್ಬಿಸು. ಟೋಪಿ ನಿಂದು."

ಲೆಸ್ ಇನ್ನೊಮ್ಮೆ ಕೈ ಚಾಚಿದ. ಆ ಕೈ ಅರ್ಧದಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಆ ಟೋಪಿ ಒಂದು ಕೆಲಸಕ್ಕೆ ಬಂದದ್ದನ್ನು ಅವನು ನೋಡಿದ್ದು ಇದೇ ಮೊದಲು. ಹೊಟ್ಟೆಯೊಳಗಿನಿಂದ ನಗು ಬಂತು, ಎಷ್ಟು ಬಂತೆಂದರೆ ಹಿಡಿದಿದ್ದ ಸೊಂಟ ಮತ್ತೆ ಚಳಕ್ ಎಂದಿತು.

"ನೋಡೇ ಡೋರೀನ್, ಗೀಟೆಲ್ಲಾ ಹೋಯ್ತು. ಸೊನ್ನೆ ಬಂತು. ಅದೂ ಡಕ್ಕೇ ಖುದ್ದಾಗಿ ಬಂದು ಕೊಟ್ಟಿದೆ!"

"ಒಂದಲ್ಲ ಕಣೋ, ಆರಿದಾವೆ. ನಿನ್ ದಾಖಲೆ ಯಾರೂ ಮುರಿಯಲ್ಲ ಬಿಡು," ಎಂದು ಡೋರೀನ್ ಒಳಗೆ ಹೋಗಿ ಕಾಗದ, ಪೆನ್ನು ತಂದಳು.

ಕೈಗಾಡಿಯ ಅಂಚಿನ ಮೇಲೆಯೇ ಕಾಗದ ಇಟ್ಟುಕೊಂಡು ಲೆಸ್ ಬರೆದ. ತಿಂಗಳಿಡೀ ಹೊಳೆಯದಿದ್ದ ಪತ್ರ ಎರಡೇ ಸಾಲಿಗೆ ಮುಗಿಯಿತು: ನಾನು ಬರುತ್ತೇನೆ. ಬರಿತಲೆಯಲ್ಲಿ ಬರುತ್ತೇನೆ, ಕ್ಷಮಿಸಿ, ಟೋಪಿಗೆ ಬಿಡುವಿಲ್ಲ.

ಗೇಟಿನ ಹತ್ತಿರ ಅಂಚೆಯ ಕಿಮ್ ಬೈಕು ನಿಲ್ಲಿಸಿದಳು. ಬರಿತಲೆಯಲ್ಲಿ ಕುಂಟುತ್ತ ಬಂದವನ ಕೈಯಿಂದ ಲಕೋಟೆ ಇಸಿದುಕೊಂಡು ಚೀಲಕ್ಕೆ ಹಾಕಿದಳು.

"ಏನ್ ಲೆಸ್, ಹೋದ ತಿಂಗಳು ಮಳೆ ಬಂದ್ರೂ ಬಿಸಿಲು ಬಂದ್ರೂ ಆ ಟೋಪಿ ತಲೆ ಮೇಲಿರ್ತಿತ್ತು. ಎಲ್ಲಿ ಅದು?"

"ಕ್ರೀಸ್‌ನಲ್ಲಿದೆ ಕಣಮ್ಮಾ," ಎಂದ ಲೆಸ್. "ಇನ್ನೂ ಔಟಾಗಿಲ್ಲ."