ಕಿವಿಯ ಪಾಲು

ಸದ್ದಿಗೂ ದಿನದ ಪಾಲು ಬಂದ ಮೇಲೆ ಕಸ್ತೂರಿ ಒಂದೂ ರಾಕ್ ಕಾರ್ಯಕ್ರಮಕ್ಕೆ ಹೋಗಿರಲಿಲ್ಲ. ಪಾಲು ತೀರಿದರೆ ಮರುದಿನ ಬೆಳಗಿನವರೆಗೆ ಯಾರಿಗಾದರೂ ಕಿವುಡೇ. ಇಂದು ವಿಜಯಪುರದಲ್ಲಿ ಅವಳ ಮೆಚ್ಚಿನ ತಂಡದ ಕೊನೆಯ ಕಾರ್ಯಕ್ರಮ. ಕಿವಿಗೆ ಹತ್ತಿ ತುರುಕಿಕೊಂಡು ಕಾರಿನಲ್ಲಿ ಕುಳಿತಿದ್ದರೂ ಲಾರಿಗಳ ಹಾರ್ನ್ ಒಳನುಗ್ಗಿ, ಉಳಿದ ಪಾಲು ತೋರಿಸುವ ಓಲೆಯ ಹಸಿರು ದೀಪ ಆಗಲೇ ಹಳದಿಯಾಗಿತ್ತು.

“ಏನ್ ಬಿಸಲ ಐತಲ್ಲಾ!” ಎಂದ ಗಂಡ ಸಂಗಪ್ಪ.

“ನಿಮ್ ಬಿಸಲಿಗೆ ನನ್ನ ಒಂದ್ ಹಾಡ ಹೋತು. ಬಾಯಿ ಮುಚ್ರಿ!”

“ಬೈಯೋದೂ ಲೆಕ್ಕಕ್ಕ ಬರ್ತೈತಿ ನೋಡು.”

ಬಾಗಲಕೋಟೆ ದಾಟುತ್ತಲೇ ಮದುವೆಯ ಮೆರವಣಿಗೆ ಬ್ಯಾಂಡಿನ ಸಮೇತ ಎದುರಾಯಿತು. ಹಿಂದೆ ಟ್ರ್ಯಾಕ್ಟರು; ತಿರುಗಲು ಜಾಗವಿಲ್ಲ. ದೀಪ ಕೆಂಪಾಯಿತು; ಇನ್ನು ಉಳಿದದ್ದು ತೀರಾ ಸ್ವಲ್ಪ. ಕಸ್ತೂರಿ ಸಿಟ್ಟಿನಿಂದ ತೊಡೆ ಗುದ್ದಿಕೊಂಡು ಅತ್ತುಬಿಟ್ಟಳು.

ತುತ್ತೂರಿಯವನು ಅವಳ ಓಲೆ ನೋಡಿ ಕೈ ಎತ್ತಿದ. ಬ್ಯಾಂಡ್ ನಿಂತಿತು. ಮದುಮಗನ ಗೆಳೆಯರು ಸದ್ದಿಲ್ಲದೆ ಕುಣಿಯುತ್ತಲೇ ದಾರಿ ಬಿಟ್ಟರು. ತುತ್ತೂರಿಯವನು ಸಂಗಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಏನೆಂದು ಅವಳು ಹುಬ್ಬೇರಿಸಿದರೂ ಸಂಗಪ್ಪ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಬಾಯಿ ಬಿಡಲಿಲ್ಲ.

ಕಾರ್ಯಕ್ರಮದಲ್ಲಿ ಎರಡೇ ಹಾಡಿಗೆ ಅವಳ ಪಾಲು ತೀರಿತು. ಉಳಿದದ್ದನ್ನೆಲ್ಲ ಹಲ್ಲು ಕಚ್ಚಿಕೊಂಡು ಬರೀ ಕಣ್ಣಲ್ಲಿ ನೋಡಿದಳು.

ಮರುದಿನ ಬೆಳಗ್ಗೆ ಸಂಗಪ್ಪ ಚಹಾದ ಲೋಟ ಕೈಗಿತ್ತು ಹೇಳಿದ: “ಅಂವಾ ಏನಂದಾ ಗೊತ್ತೈತೇನ? ‘ನಮ್ಮ ಪಾಲೆಲ್ಲಾ ದಿನಾ ಮದುವ್ಯಾಗ ತೀರತೈತ್ರಿ. ನಮ್ಮ ಪರವಾಗಿ ಅಕ್ಕಾರಾದ್ರೂ ಕೇಳ್ಲಿ.’”